ಉರಿಬಳ್ಳಿ ಕಿತ್ತವಳ ಸ್ನಾನ

"ಸ್ನಾನಾನೇ ಕಾಣದ ಜನ ನೀವು. ಮೈಯಲ್ಲಿ ಹುಣ್ಣು ಏಳದೆ ಮಲ್ಲಿಗೆ ಅರಳುತ್ತಾ?"

ಅಮ್ಮಾವ್ರು ಈಜುಕೊಳದ ದಂಡೆಯ ನೆರಳಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು ಹೇಳಿದರು. ಮೇಸ್ತ್ರಿ ಹಲ್ಲು ಕಿರಿದ. ಕೂಲಿಗೆ ಬಂದಿದ್ದ ಗುಬ್ಬಿ ಬಳ್ಳಿ ಕೀಳುತ್ತಲೇ ಇದ್ದಳು. ಆಳು ಚಿಕ್ಕದೆಂದು ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಮೊಣಕೈವರೆಗೂ ಎದ್ದ ಗುಳ್ಳೆಗಳು ಒಡೆದು ನೀರು ಜಿನುಗುತ್ತಿತ್ತು. ಮೊದಮೊದಲು ತುರಿಕೆ ಜೀವ ಹಿಂಡಿತ್ತು. ಈಗ ಅದು ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದಳು.

ಅತಿಥಿಗೃಹದ ಗೋಡೆಗೆಲ್ಲ ಉರಿಬಳ್ಳಿ ಹಬ್ಬಿತ್ತು. ಎಲೆ ಮುರಿದರೆ ಅಂಟು ಹಾಲು, ಸೋಕಿದಲ್ಲೆಲ್ಲ ಉರಿ. ಬೇಸಿಗೆ ರಜೆಗೆ ನಾಳೆ ಬರುವ ನೆಂಟರ ಮಕ್ಕಳಿಗೆ ಅದು ಸೋಕಬಾರದೆಂದು ಕೂಲಿ ಹೆಂಗಸರು ಕುಡುಗೋಲಲ್ಲಿ ಕೊಯ್ದು ಬರಿಗೈಯಲ್ಲಿ ಕೀಳುತ್ತಿದ್ದರು. ಕೈಗವಸು ಕೇಳಿದ್ದಕ್ಕೆ ಮೇಸ್ತ್ರಿ, "ದಿಬ್ಬಣಕ್ಕೆ ಬಂದಿದೀರೇನ್ರೇ?" ಎಂದಿದ್ದ.

ಗುಬ್ಬಿಗೆ ತನ್ನ ಕೈಯ ಚಿಂತೆ ಇರಲಿಲ್ಲ. ಮೊನ್ನೆ ಮಧ್ಯಾಹ್ನ ಅತ್ತೆ ಕೂಸನ್ನು ತಂದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡು ಹಾಲು ಕುಡಿಸಿದ್ದಳು. ಒರೆಸಿಕೊಂಡೆನಲ್ಲ, ಇನ್ನೇನು ಭಯ ಎಂದುಕೊಂಡು ಅದೇ ಸೆರಗಿನಿಂದ ಕೂಸಿನ ಬಾಯಿಯನ್ನೂ ಒರೆಸಿದ್ದಳು. ಬೆಳಗಾಗುವಷ್ಟರಲ್ಲಿ ಕೂಸಿನ ಮುಖ ಊದಿ, ಕಣ್ಣು ಮುಚ್ಚಿಹೋಗಿತ್ತು.

"ನಿನ್ನ ಬಟ್ಟೆಯಿಂದ್ಲೇ ಹತ್ತಿರೋದು ಕಣಮ್ಮ," ಎಂದಿದ್ದಳು ಆಸ್ಪತ್ರೆಯ ನರ್ಸು. "ಸೋಪು ಹಾಕಿ ಮೈ ತೊಳೀದೆ, ಬೇರೆ ಬಟ್ಟೆ ಉಡದೆ ಇನ್ನು ಮಗೂನ ಮುಟ್ಟಬೇಡ."

ಬೇರೆ ಸೀರೆ ಬಟ್ಟೆಯ ಗಂಟಿನಲ್ಲಿತ್ತು, ಅದನ್ನು ಮರದ ಕೊಂಬೆಗೆ ನೇತುಹಾಕಿದ್ದಳು. ಇಲ್ಲದ್ದು ನೀರು.

"ಅಮ್ಮಾವ್ರೆ, ಒಂದು ಬಕೇಟು ನೀರು ಕೊಡ್ಸಿ. ಕೂಸು ಹಾಲಿಗೆ ಬರುತ್ತೆ."

"ಟ್ಯಾಂಕರ್ ನೀರು ಅದು. ನಿಮ್ಮ ಕೊಳೆ ತೊಳೆಯೋಕೆ ತರಿಸಿದ್ದಲ್ಲ."

"ಕೊಳೆ ಅಲ್ಲ, ಬಳ್ಳಿ ಹಾಲು..."

"ಲೇ ಮುಂಡೆ, ಎದುರು ಮಾತಾಡ್ತೀಯಾ?" ಮೇಸ್ತ್ರಿ ಗದರಿದ. "ಸಂಜೆ ಕಾಲುವೇಲಿ ಬಿದ್ದು ಸಾಯಿ, ಯಾರು ಬೇಡ ಅಂದ್ರು? ಬಳ್ಳಿಯಂತೆ ಬಳ್ಳಿ! ಅಮ್ಮಾವ್ರು ಹೇಳಿದ್ದೇ ಸರಿ, ಕೊಳಕು ರೋಗ."

ಗೇಟಿನ ಕಡೆಯಿಂದ ಕೂಸಿನ ಅಳು ಕೇಳಿಸಿತು. ಗುಬ್ಬಿಯ ರವಿಕೆ ಒದ್ದೆಯಾಯಿತು. ಅತ್ತೆ ಒಳಗೆ ಬಂದು ಕೂಸನ್ನು ಮುಂದೆ ಚಾಚಿದಳು.

"ಹತ್ರ ತರಬೇಡಿ ಅತ್ತೆ."

"ಮತ್ತೇನೇ ಕುಡಿಸ್ಲಿ, ಮಣ್ಣಾ? ಬೆಳಗ್ಗೆಯಿಂದ ಅತ್ತೂ ಅತ್ತೂ ಗಂಟಲು ಕಟ್ಟಿದೆ."

ಗುಬ್ಬಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಕುಡುಗೋಲು ಕೆಳಗಿಟ್ಟಳು. ಕೊಳಕ್ಕಿಳಿಯುವ ಮುಂಚೆ ನೆಂಟರು ಮೈ ತೊಳೆಯಲೆಂದು ದಂಡೆಯ ಮೇಲಿಟ್ಟಿದ್ದ ಸೋಪಿನ ಬಾಟಲಿ ಎತ್ತಿಕೊಂಡು, ಮೆಟ್ಟಿಲಿಳಿದು ಸೊಂಟದುದ್ದ ನೀರಲ್ಲಿ ನಿಂತಳು. ಕೈ, ಕುತ್ತಿಗೆ, ಎದೆಗೆಲ್ಲ ಸೋಪು ಹಚ್ಚಿ ನಿಧಾನವಾಗಿ ಉಜ್ಜತೊಡಗಿದಳು.

"ಏಯ್! ಏನ್ ಮಾಡ್ತಿದೀಯೇ?" ಅಮ್ಮಾವ್ರು ಕಿರುಚಿದರು.

"ಸ್ನಾನ, ಅಮ್ಮಾವ್ರೆ."

"ಎಳೆದು ಹಾಕೋ ಅವಳನ್ನ!"

ಮೇಸ್ತ್ರಿ ಓಡಿಬಂದು ಅವಳ ಸೆರಗಿಗೆ ಕೈ ಹಾಕಲು ಬಗ್ಗಿದ. ಬಟ್ಟೆಗೆ ಮೆತ್ತಿದ್ದ ಕಪ್ಪು ಅಂಟು ಕಂಡಿತು. ಚಾಚಿದ ಕೈ ಹಾಗೇ ಹಿಂದಕ್ಕೆ ಹೋಯಿತು.

"ಯಾಕೋ ನಿಂತೆ? ಎಳಿ!"

"ಬಳ್ಳಿ ಹಾಲು ಅಮ್ಮಾವ್ರೆ... ಸೋಕಿದ್ರೆ ಉರಿಯುತ್ತೆ."

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುಬ್ಬಿ ಸೀರೆ, ರವಿಕೆ ಬಿಚ್ಚಿ ನೀರಲ್ಲೇ ಬಿಟ್ಟಳು. ಅತ್ತೆ ಗಂಟಿನಿಂದ ತೆಗೆದುಕೊಟ್ಟ ಸೀರೆಯನ್ನು ಸುತ್ತಿಕೊಂಡು ಮೇಲಿನ ಮೆಟ್ಟಿಲ ಮೇಲೆ ಕುಳಿತು ಕೈ ಚಾಚಿದಳು. ಕೂಸು ತಡಕಾಡಿ ಎದೆಗೆ ಬಾಯಿ ಹಾಕಿತು.

ನೀಲಿ ನೀರಿನ ನಡುವೆ ಹಳೇ ಸೀರೆ ಹರಡಿಕೊಂಡು ತೇಲುತ್ತಿತ್ತು. ಅದನ್ನು ತೆಗೆಯಿರೆಂದು ಅಮ್ಮಾವ್ರು ಕೂಗುತ್ತಲೇ ಇದ್ದರು. ಯಾರೂ ಕೈ ಹಾಕಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಕುಡುಗೋಲು ಬಿಸಾಕಿ, ಮೇಸ್ತ್ರಿಯನ್ನು ದಾಟಿ ಮೆಟ್ಟಿಲಿಳಿದರು. ಸೋಪಿನ ಬಾಟಲಿ ಕೈಯಿಂದ ಕೈಗೆ ಹೋಯಿತು.

ಕೂಸು ಹೊಟ್ಟೆತುಂಬ ಕುಡಿಯಿತು. ಅದರ ಕಣ್ಣು ಮಾತ್ರ ಇನ್ನೂ ತೆರೆದಿರಲಿಲ್ಲ.