ಕಾಗದ ಇಲ್ಲ ಅಂದ ಊರಿನ ಕೆಂಪು ಚೀಟಿ

ನಾನು ಒಂದು ಕೆಂಪು ಚೀಟಿ. ಅಂಗೈಯಷ್ಟು ಅಗಲ, ಜೋಳದ ರೊಟ್ಟಿಯಷ್ಟು ಒರಟು. ನನ್ನ ಅಂಚು ನೆಟ್ಟಗಿಲ್ಲ. ಬೆಳಕಿಗೆ ಹಿಡಿದರೆ ಮೈಯೊಳಗೆ ಅಲ್ಲಲ್ಲಿ ಕರೀ ಚುಕ್ಕೆ ಕಾಣುತ್ತವೆ. ಯಾವುದೋ ಹಳೆಯ ಮಾತಿನ ಅಕ್ಷರಗಳು, ಪೂರ್ತಿ ಕರಗಲು ಒಪ್ಪದೆ ಹಾಗೇ ಉಳಿದುಬಿಟ್ಟಿವೆ. ಅಂಗಡಿಯ ಬಿಳಿ ಹಾಳೆಗಳು ನನ್ನನ್ನು ನೋಡಿ ಮೂಗು ಮುರಿಯಬಹುದು. ಮುರಿಯಲಿ. ತಮ್ಮನ್ನು ಹುಟ್ಟಿಸಿದ ಕೈ ಯಾರದೆಂದು ಅವಕ್ಕೆ ಗೊತ್ತಿಲ್ಲ. ನನಗೆ ಗೊತ್ತಿದೆ.

ನಾನು ಹುಟ್ಟಿದ್ದು ಸುಣ್ಣದ ಭಟ್ಟಿ ಓಣಿಯಲ್ಲಿ, ಹುಲಿಗೆವ್ವನ ಮನೆ ಮುಂದಿನ ನೀಲಿ ಟಬ್ಬಿನಲ್ಲಿ. ಅದಕ್ಕೂ ಮೊದಲು ನಾನು ಒಂದಾಗಿರಲಿಲ್ಲ, ನೂರಾಗಿದ್ದೆ. ಮಗುವೊಂದು ತಪ್ಪು ಲೆಕ್ಕ ಬರೆದ ಪುಟವಾಗಿದ್ದೆ. ಸೋತ ಅಭ್ಯರ್ಥಿಯ ಕರಪತ್ರವಾಗಿದ್ದೆ. ಔಷಧಿ ಅಂಗಡಿಯ ಪೊಟ್ಟಣವಾಗಿದ್ದೆ, ನಗರಸಭೆಯ ಹಿಂಬಾಗಿಲಿನಿಂದ ಹೊರಬಿದ್ದ ರದ್ದಿಯಾಗಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ಲಗ್ನಪತ್ರಿಕೆಯಾಗಿದ್ದೆ. ಊರು ಓದಿತು, ಎಸೆಯಿತು. ಎಸೆದದ್ದನ್ನು ಬಾಗಿ ಎತ್ತಿದವಳು ಹುಲಿಗೆವ್ವ.

ಬೆಳಕು ಹರಿಯುವ ಮೊದಲೇ ಹೆಗಲಿಗೆ ಚೀಲ ಹಾಕಿಕೊಂಡು ಹೊರಡುತ್ತಿದ್ದಳು. ಚಹಾದಂಗಡಿಯವನು ಅವಳಿಗೆ ನೀರು ಕೊಡುವಾಗ ತಂಬಿಗೆಯನ್ನು ಮೇಲೆತ್ತಿ ಬೊಗಸೆಗೆ ಸುರಿಯುತ್ತಿದ್ದ. ಅದೇ ಅಂಗಡಿಯಲ್ಲಿ ಯಾರದೋ ಕಾಲಿಗೆ ಪತ್ರಿಕೆಯ ತುಂಡೊಂದು ತಾಕಿದರೆ, ಅವರು ತಟ್ಟನೆ ಬಗ್ಗಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕಾಗದವೆಂದರೆ ಸರಸ್ವತಿ. ಒತ್ತಿಕೊಂಡ ಮೇಲೆ ಅದನ್ನು ಚರಂಡಿಯ ಕಡೆಗೆ ಬಿಡುತ್ತಿದ್ದರು. ಸರಸ್ವತಿಯನ್ನು ಚರಂಡಿಯಿಂದ ಎತ್ತುವ ಕೈ ಮಾತ್ರ ಮೈಲಿಗೆ. ಈ ನ್ಯಾಯವನ್ನು ನಾನು ಎಷ್ಟೋ ಜನ್ಮ ಎಸೆಯಿಸಿಕೊಂಡು ನೋಡಿದ್ದೇನೆ.

ಊರ ಹೊರಗೆ ಕಸದ ಅಂಗಳವಿತ್ತು. ಲಾರಿಗಳು ಬಂದು ಸುರಿಯುವುದು, ಓಣಿಯ ಹೆಂಗಸರು ಆರಿಸುವುದು, ಇದು ಹುಲಿಗೆವ್ವನ ಅವ್ವನ ಕಾಲದಿಂದ ನಡೆದುಬಂದಿತ್ತು. ಒಂದು ವರ್ಷ ಅದಕ್ಕೆ ಗೋಡೆ ಬಂತು, ಗೇಟು ಬಂತು, ಗೇಟಿಗೊಬ್ಬ ಮುಕಾದಮ ಬಂದ. ಅವನ ಹೆಸರು ಅಂದಾನಪ್ಪ. ಗುರುತಿನ ಚೀಟಿ ಇದ್ದವರು ಒಳಗೆ, ಇಲ್ಲದವರು ಹೊರಗೆ ಎಂದ. ಚೀಟಿ ಯಾರು ಕೊಡುತ್ತಾರೆ ಎಂದು ಕೇಳಿದರೆ ಆಫೀಸಿನ ಕಡೆ ಕೈ ತೋರಿಸಿದ. ಆಫೀಸಿಗೆ ಹೋದರೆ ಅಲ್ಲಿದ್ದ ಗುಮಾಸ್ತ ತಲೆ ಎತ್ತದೆ ಹೇಳಿದ: "ಚೀಟಿಗೆ ಕಾಗದ ಬಂದಿಲ್ಲಬೇ. ಬಂದ ಮ್ಯಾಲೆ ಬರ್ರಿ."

ಯುಗಾದಿಗೆ ಹೋದಾಗಲೂ ಕಾಗದ ಬಂದಿರಲಿಲ್ಲ. ಪಂಚಮಿಗೆ ಹೋದಾಗಲೂ ಬಂದಿರಲಿಲ್ಲ. ಹೊಟ್ಟೆ ಕಾಗದಕ್ಕಾಗಿ ಕಾಯುತ್ತದೆಯೇ? ಹೆಂಗಸರು ಗೋಡೆಯ ಮುರುಕಿನಿಂದ ನುಗ್ಗಿ ಆರಿಸತೊಡಗಿದರು. ಒಂದು ದಿನ ಹುಲಿಗೆವ್ವ ಸಿಕ್ಕಿಬಿದ್ದಳು. ಕಸ ಕದ್ದಿದ್ದಾಳೆ ಎಂದು ಠಾಣೆಯಲ್ಲಿ ದೀಪ ಹಚ್ಚುವ ಹೊತ್ತಿನವರೆಗೆ ನೆಲದ ಮೇಲೆ ಕೂರಿಸಿದರು. ಊರು ಬೇಡವೆಂದು ಎಸೆದದ್ದನ್ನು ಎತ್ತಿಕೊಂಡರೆ ಅದಕ್ಕೆ ಕಳವು ಎಂದು ಹೆಸರಿದೆ, ಎತ್ತಿಕೊಂಡವಳಿಗೆ ಹೆಸರಿಲ್ಲ. 'ಚಿಂದಿ ಆಯುವ ಹೆಂಗಸು' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು.

ಮನೆಗೆ ಬಂದ ಹುಲಿಗೆವ್ವ ಅಳಲಿಲ್ಲ. ಚಹಾ ಕುಡಿಯಲಿಲ್ಲ. ಗೋಡೆಗೆ ಒರಗಿ ಕೂತು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದಳಂತೆ: "ಹೆಸರ ಕೇಳಲಿಲ್ಲ ನೋಡು. ಕಳ್ಳಿ ಅಂದ್ರು, ಅನ್ಲಿ. ಹೆಸರರ ಕೇಳಬಾರದ?"

ಅವಳ ಸೊಸೆ ಕಸ್ತೂರಿ ಹತ್ತನೆಯ ತನಕ ಓದಿದವಳು. ಓಣಿಯ ತಗಡಿನ ಚಪ್ಪರದ ಕೆಳಗೆ ಐತವಾರಕ್ಕೊಮ್ಮೆ ಹೆಂಗಸರು ಸೇರುತ್ತಿದ್ದರು. ಚೀಲದಲ್ಲಿ ಬಂದ ಹಳೆಯ ಪತ್ರಿಕೆ, ಹರಿದ ಪುಸ್ತಕ ಏನು ಸಿಕ್ಕರೂ ಕಸ್ತೂರಿ ಗಟ್ಟಿಯಾಗಿ ಓದುವುದು, ಉಳಿದವರು ಅವರೆಕಾಯಿ ಸುಲಿಯುತ್ತ ಜಗಳಾಡುತ್ತ ಕೇಳುವುದು. ಆ ವಾರ ಪತ್ರಿಕೆಯ ಮಕ್ಕಳ ಪುಟದಲ್ಲಿ ಒಂದು ಬರಹ ಸಿಕ್ಕಿತು: ಮನೆಯಲ್ಲೇ ರದ್ದಿಯಿಂದ ಕಾಗದ ಮಾಡುವುದು ಹೇಗೆ. ಶ್ರೀಮಂತರ ಮಕ್ಕಳು ರಜೆಯಲ್ಲಿ ಬೇಸರ ಕಳೆಯಲೆಂದು ಬರೆದದ್ದು. ಕಸ್ತೂರಿ ಅದನ್ನು ಓದಿ ಮುಗಿಸಿದಾಗ ಹುಲಿಗೆವ್ವ ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟಳು.

"ಕಾಗದ ಇಲ್ಲಂತ ಅವರಿಗೆ. ಊರಾಗಿನ ಕಾಗದ ಎಲ್ಲಾ ನಮ್ಮ ಚೀಲದಾಗ ಐತಿ."

ನನ್ನ ಹುಟ್ಟು ಅಲ್ಲಿ ನಿಶ್ಚಯವಾಯಿತು.

ಜರಡಿಗೆ ಚೌಕಟ್ಟು ಬೇಕಿತ್ತು. ಒಡೆದ ಫೋಟೋದ ಕಟ್ಟಿಗೆ ಚೌಕಟ್ಟು ಸಿಕ್ಕಿತು. ಅದಕ್ಕೆ ಸೊಳ್ಳೆ ಪರದೆಯ ತುಂಡನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದರು. ಕಲ್ಯಾಣ ಮಂಟಪದ ಹಿಂದಿನಿಂದ ತಂದ ಚೀಲವನ್ನು ಅಂಗಳದಲ್ಲಿ ಸುರಿದರು. ಅಲ್ಲೇ ಮೊದಲ ತಕರಾರು. ಲಗ್ನಪತ್ರಿಕೆಯ ನೆತ್ತಿಯ ಮೇಲೆಲ್ಲ ದೇವರು. ದೇವರನ್ನು ನೀರಿಗೆ ಹಾಕಿ ತುಳಿಯುವುದು ಹೇಗೆ? ಕತ್ತರಿಸಿ ಬೇರೆ ಇಡಬೇಕೆಂದು ತೀರ್ಮಾನವಾಯಿತು. ಕತ್ತರಿ ಪಕ್ಕದ ಮನೆಯ ಮಾಬುಬಿಯ ಕೈಗೆ ಹೋಯಿತು. ಅವಳು ಅದನ್ನು ಕೆಂಡದಂತೆ ಕೆಳಗಿಟ್ಟಳು.

"ನಿಮ್ಮ ದೇವ್ರನ್ನ ನೀವ ಕತ್ತರ್ಸಕೋರಿ ಅಕ್ಕ. ನಾ ಕತ್ತರಿಸಿದ್ರ ನಾಳೆ ಪೇಪರಿನ್ಯಾಗ ಬರತೇತಿ."

"ನಾ ಮುಟ್ಟಿದ್ರ ಬರೂದಿಲ್ಲನು?" ಎಂದಳು ಹುಲಿಗೆವ್ವ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಕೊನೆಗೆ ಇಬ್ಬರೂ ಕೂಡಿ ಕತ್ತರಿಸಿದರು. ಗಣಪತಿಗಳು, ಅರ್ಧಚಂದ್ರಗಳು ಎಲ್ಲ ಒಂದೇ ಅಕ್ಕಿ ಚೀಲದಲ್ಲಿ ಸೇರಿ ಗೂಟಕ್ಕೆ ತೂಗಿದವು. ದೇವರಿಗೂ ಚೀಟಿ ಸಿಗಲಿಲ್ಲ, ಹೊರಗೇ ಉಳಿದರು ಎಂದು ಮಾಬುಬಿ ಹಾಸ್ಯ ಮಾಡಿದಳು.

ರದ್ದಿ ನೆನೆಯಿತು. ಇನ್ನು ತುಳಿಯಬೇಕು. ಹುಲಿಗೆವ್ವ ಸೀರೆ ಮೇಲಕ್ಕೆ ಕಟ್ಟಿ ಟಬ್ಬಿನ ಮುಂದೆ ನಿಂತವಳು ಕಾಲು ಎತ್ತಲಾರದೆ ನಿಂತೇಬಿಟ್ಟಳು. ಜೀವನಪೂರ್ತಿ ಅವಳೂ ಕಾಗದವನ್ನು ಕಣ್ಣಿಗೆ ಒತ್ತಿಕೊಂಡವಳೇ. ಟಬ್ಬಿನ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳದಂತೆ ಅಂದಳು. ನನಗೆ ಕೇಳಿಸಿತು.

"ಅಕ್ಷರ ಕಲಿಯಾಕ ನಿನ್ನ ಸಾಲಿಗೆ ನನ್ನ ಬಿಡಲಿಲ್ಲ, ತಾಯಿ. ಅದಕ್ಕ ನಿನ್ನ ತುಳಕೋತ ಬರಾಕತ್ತೇನಿ. ಸಿಟ್ಟಾಗಬ್ಯಾಡ."

ಅವಳ ಹಿಮ್ಮಡಿ ಒಡೆದ ಪಾದಗಳ ಕೆಳಗೆ ಕರಪತ್ರ ಕರಗಿತು, ರದ್ದಿ ಕರಗಿತು, ತಪ್ಪು ಲೆಕ್ಕ ಕರಗಿತು. ಕರಪತ್ರಕ್ಕೂ ಲಗ್ನಪತ್ರಿಕೆಗೂ ಇದ್ದ ಅಂತಸ್ತು ಮೊದಲ ಸಲ ಅಲ್ಲಿ ಕೆಸರಾಯಿತು. ಶಾಯಿ ಬಿಡಲಿ, ಹಾಳೆ ಬೆಳ್ಳಗೆ ಬರಲಿ ಎಂದು ಕಸ್ತೂರಿ ಮುಷ್ಟಿ ತುಂಬ ವಾಷಿಂಗ್ ಸೋಡಾ ಹಾಕಿದಳು.

ಟಬ್ಬು ಕೆಂಪಾಯಿತು.

ದೇವರನ್ನು ಬಿಡಿಸುವ ಗಡಿಬಿಡಿಯಲ್ಲಿ ಅರಿಷಿಣವನ್ನು ಯಾರೂ ನೋಡಿರಲಿಲ್ಲ. ಪತ್ರಿಕೆಗಳ ಮೂಲೆಮೂಲೆಗೂ ಶುಭವೆಂದು ಅರಿಷಿಣ ಮೆತ್ತಿದ್ದರು, ತಾಂಬೂಲದ ಅರಿಷಿಣ ಪೊಟ್ಟಣಗಳೂ ಅದರಲ್ಲೇ ಬಂದಿದ್ದವು. ಹೆಂಗಸರು ಹಿಂದೆ ಸರಿದರು. ಸರಸ್ವತಿ ಸಿಟ್ಟಾದಳು ಎಂದಳು ಒಬ್ಬಾಕೆ. ಹುಲಿಗೆವ್ವ ಮಾತ್ರ ಬಗ್ಗಿ ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿದಳು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುವುದು ಮದುವೆ ಮನೆಯ ಕೂಸಿಗೂ ಗೊತ್ತು. ಸೋಡಾ ಬಿದ್ದರೂ ಅದೇ ಕತೆ. ಇದು ಆರತಿಯ ನೀರು, ಹೆದರುವಂಥದ್ದು ಏನೂ ಇಲ್ಲ, ಚೀಟಿ ಬೆಳ್ಳಗಿದ್ದರೆ ಆಫೀಸಿನವರು ನಮ್ಮನ್ನು ನೋಡುವುದಿಲ್ಲ, ಕೆಂಪಾದರೆ ಕಣ್ಣಿಗೆ ಬೀಳುತ್ತೇವೆ ಎಂದಳು.

ಜರಡಿ ಮುಳುಗಿತು, ಎದ್ದಿತು. ನೀರು ಇಳಿಯಿತು, ನಾನು ಉಳಿದೆ. ಹಳೆಯ ಧೋತರದ ಮೇಲೆ ನನ್ನನ್ನು ಬೋರಲು ಹಾಕಿ ಒತ್ತಿದರು. ಸುಣ್ಣದ ಗೋಡೆಗೆ ಅಂಟಿಸಿ ಬಿಸಿಲಿಗೆ ಬಿಟ್ಟರು. ಒಣಗಿದಾಗ ಇಟ್ಟಿಗೆಯ ಕೆಂಪಿಗೆ ತಿರುಗಿದ್ದೆ. ಮಾಬುಬಿ ಸ್ಟೀಲ್ ಲೋಟದ ತಳದಿಂದ ನನ್ನ ಬೆನ್ನು ಉಜ್ಜಿ ನಯ ಮಾಡಿದಳು. ಕಸ್ತೂರಿ ದಪ್ಪ ಮಸಿಯಲ್ಲಿ ಬರೆದಳು: ಹೆಸರು, ಹುಲಿಗೆವ್ವ. ಕಸುಬು, ಕಾಗದ ಆಯುವುದು. ಗಂಡನ ಹೆಸರಿಗೆ ಜಾಗ ಬಿಡಲೇ ಎಂದು ಕೇಳಿದಳು. ಅವನು ಬಿಟ್ಟುಹೋಗುವಾಗ ನನ್ನ ಹೆಸರು ಒಯ್ದನೇ, ನಾನೇಕೆ ಅವನದು ಹೊರಲಿ ಎಂದಳು ಅತ್ತೆ. ಕೊನೆಯ ಸಾಲು 'ಚೀಟಿ ಕೊಟ್ಟವರು'. ಕಸ್ತೂರಿಯ ಪೆನ್ನು ಅಲ್ಲಿ ನಿಂತಿತು. ಹೆಂಗಸರು ತಮ್ಮತಮ್ಮಲ್ಲೇ ಗುಸುಗುಸು ಮಾಡಿದರು. ಆಮೇಲೆ ಒಂದು ಪದ ಬಿತ್ತು. ಅದನ್ನು ಈಗಲೇ ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಅದೇ ಟಬ್ಬಿನಿಂದ ಮಾಡಿದ ತಂತಮ್ಮ ಹೆಸರಿನ ಕೆಂಪು ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಗೇಟಿಗೆ ನಡೆದರು. ಗೋಡೆಯ ಮುರುಕಿನ ಕಡೆ ಯಾರೂ ತಿರುಗಲಿಲ್ಲ. ನಾನು ಹುಲಿಗೆವ್ವನ ಎದೆಯ ಮೇಲಿದ್ದೆ. ಅವಳ ಗುಂಡಿಗೆ ಬಡಿಯುವುದು ನನ್ನ ಬೆನ್ನಿಗೆ ತಾಕುತ್ತಿತ್ತು. ಇವತ್ತು ಒಳಗೆ ಬಿಡದಿದ್ದರೆ ಮತ್ತೆ ಠಾಣೆ, ಮತ್ತೆ ಹೆಸರಿಲ್ಲದ ಹೆಬ್ಬೆಟ್ಟು.

ಅಂದಾನಪ್ಪ ಕುರ್ಚಿಯಿಂದ ಎದ್ದು ಬಂದ. ಕೆಂಪು ನೋಡಿ ಅವನ ಹುಬ್ಬು ಮೇಲೇರಿತು.

"ಇದನ್ನ ಯಾವ ಪಾರ್ಟಿಯವರು ಕೊಟ್ಟಾರಬೇ?"

"ಅರಿಷಿಣದ ಪಾರ್ಟಿ ರೀ," ಎಂದಳು ಮಾಬುಬಿ.

ಹೆಂಗಸರು ನಕ್ಕರು. ಆ ನಗುವನ್ನು ಅವನಿಗೆ ಸಹಿಸಲಾಗಲಿಲ್ಲ. ಹುಲಿಗೆವ್ವನ ಕೊರಳಿಗೆ ಕೈ ತಾಗದಂತೆ ಲಾಠಿಯ ತುದಿಯಿಂದ ದಾರ ಹಿಡಿದು ಎಳೆದ. ದಾರ ಹರಿಯಿತು, ನಾನು ಮಣ್ಣಿಗೆ ಬಿದ್ದೆ. ಕಸದಾಗಿಂದ ಬಂದದ್ದು ಕಸಕ್ಕೇ ಹೋಗಲಿ ಎಂದು ಹೇಳಿ ಅವನು ತಿರುಗಿದ. ತಿರುಗುವಾಗ ಅವನ ಬೂಟು ನನ್ನ ಮೇಲೆ ಬಂತು.

ಬೂಟು ನಿಂತಿತು.

ಅವನೊಳಗೆ ಅವನಿಗಿಂತ ಹಳೆಯದೊಂದು ಅಂಜಿಕೆ ಇತ್ತು. ತಾಯಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು, ಮಾಸ್ತರರು ಕಿವಿ ಹಿಂಡಿ ಕಲಿಸಿದ್ದು. ಅದು ಅವನನ್ನು ಕೇಳಲಿಲ್ಲ. ಬೂಟು ಹಿಂದೆ ಸರಿಯಿತು, ಬೆನ್ನು ಬಾಗಿತು, ಕೈ ನನ್ನನ್ನು ಎತ್ತಿತು, ಒಂದು ಕಣ್ಣಿಗೆ ಒತ್ತಿತು, ಇನ್ನೊಂದು ಕಣ್ಣಿಗೆ ಒತ್ತಿತು.

ನನ್ನ ಮೈಯಲ್ಲಿ ಹುಲಿಗೆವ್ವನ ಕೊರಳ ಬೆವರಿತ್ತು. ನನ್ನ ನಾರಿನಲ್ಲಿ ಅವಳ ಪಾದವಿತ್ತು. ಅವಳ ಕೊರಳಿಗೆ ಬೆರಳು ತಾಗಬಾರದೆಂದು ಲಾಠಿ ಚಾಚಿದವನ ರೆಪ್ಪೆಯ ಮೇಲೆ ಅದೆಲ್ಲ ಹತ್ತಿತು. ತಾನು ಏನು ಮಾಡಿದೆನೆಂದು ಅವನಿಗೆ ಹೊಳೆಯುವ ಹೊತ್ತಿಗೆ ಹುಲಿಗೆವ್ವ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅವಳು ದನಿ ಏರಿಸಲಿಲ್ಲ.

"ಕಣ್ಣಿಗೆ ಒತ್ತಿಗೊಂಡ್ರಿ. ಇನ್ನ ಓದ್ರಿ."

ಹಿಂದೆ ಲಾರಿಗಳು ಸಾಲುಗಟ್ಟಿ ಹಾರನ್ ಬಾರಿಸುತ್ತಿದ್ದವು. ಹೆಂಗಸರು ಗೇಟಿಗೆ ಅಡ್ಡ ನಿಂತಿದ್ದರು. ಅವನು ಓದಿದ. ಮೊದಲು ಬಾಯೊಳಗೇ. ಗಟ್ಟಿಯಾಗಿ ಎಂದಳು ಕಸ್ತೂರಿ. ಅವನು ಗಂಟಲು ಸರಿಮಾಡಿಕೊಂಡು ಓದಿದ: ಹುಲಿಗೆವ್ವ. ಕಾಗದ ಆಯುವುದು. ಚೀಟಿ ಕೊಟ್ಟವರು, ನಾವೇ.

"ನಾವೇ ಅಂದ್ರ ಯಾರು?"

"ಈಗ ಓದೀರಲ್ಲ," ಎಂದಳು ಹುಲಿಗೆವ್ವ. "ಉಳಿದವರದೂ ಓದ್ರಿ. ಒಬ್ಬೊಬ್ಬರದ ಬ್ಯಾರೆ ಹೆಸರ ಐತಿ."

ಗೇಟು ತೆರೆಯಿತು. ಕರುಣೆಯಿಂದ ತೆರೆಯಿತೆಂದು ಯಾರೂ ಬರೆಯಬಾರದು. ಲಾರಿಗಳು ನಿಂತು ಊರಿನ ಕಸ ನಾರಲು ಶುರುವಾಗಿತ್ತು, ಮುಕಾದಮನ ಮುಖ ಎಲ್ಲರೆದುರು ತಗ್ಗಿತ್ತು, ಹೆಂಗಸರು ಕದಲಲಿಲ್ಲ, ಅದಕ್ಕೆ ತೆರೆಯಿತು. ಅವನು ಪ್ರತಿಯೊಬ್ಬರ ಹೆಸರು ಓದಿ ಒಳಗೆ ಬಿಟ್ಟ. ಮಾಬುಬಿಯ ಸರದಿ ಬಂದಾಗ ಅವಳು ಎರಡು ಸಲ ಓದಿಸಿದಳು, ಸರಿಯಾಗಿ ಕೇಳಿಸಲಿಲ್ಲ ಎಂದು.

ಆಮೇಲೆ ಒಂದು ಪವಾಡ ನಡೆಯಿತು. ವರ್ಷವಿಡೀ ಬಾರದ ಕಾಗದ ಆಫೀಸಿಗೆ ಒಂದೇ ವಾರದಲ್ಲಿ ಬಂತು. ನಗರಸಭೆಯ ದೊಡ್ಡವರು ವೇದಿಕೆ ಹಾಕಿ, ಹಾರ ಹಾಕಿಸಿಕೊಂಡು, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಚೀಟಿ ಹಂಚಿದರು. ಅದರಲ್ಲಿ ಹೆಂಗಸರ ಮುಖ ಕಡಲೆಕಾಳಿನಷ್ಟು, ಕೊಟ್ಟವರ ಮುಖ ಅಂಗೈಯಷ್ಟು. ಕೆಂಪು ಚೀಟಿಗಳನ್ನು ಒಪ್ಪಿಸಿಬಿಡಿ, ಅವಕ್ಕೆ ಮಾನ್ಯತೆ ಇಲ್ಲ ಎಂದರು. ಹುಲಿಗೆವ್ವ ಹೊಸ ಚೀಟಿ ತೆಗೆದುಕೊಂಡಳು, ಅದು ಅವಳ ಹಕ್ಕು. ನನ್ನನ್ನು ಒಪ್ಪಿಸಲಿಲ್ಲ. ಅದೇ ಪ್ಲಾಸ್ಟಿಕ್ಕಿನ ಹಿಂದೆ, ಬೆನ್ನಿಗೆ ಬೆನ್ನು ಹಚ್ಚಿ ಇಟ್ಟುಕೊಂಡಳು. ದುಡಿಯಲು ಹೋದಷ್ಟು ದಿನವೂ ಅವಳ ಎದೆಯ ಕಡೆ ನಾನಿದ್ದೆ, ಲೋಕದ ಕಡೆ ಅದಿತ್ತು.

ಅವಳು ತೀರಿಕೊಂಡ ಮೇಲೆ ಕಸ್ತೂರಿ ನನ್ನನ್ನು ಚಪ್ಪರದ ಗೋಡೆಗೆ, ಜರಡಿಯ ಪಕ್ಕದ ಮೊಳೆಗೆ ತೂಗಿಹಾಕಿದಳು. ಈಗಲೂ ಐತವಾರ ಓದು ನಡೆಯುತ್ತದೆ, ಜಗಳವೂ ನಡೆಯುತ್ತದೆ. ನಾನು ಮುದಿಯಾಗಿದ್ದೇನೆ. ಅವಳ ಬೆವರು ಕುಡಿದು ಕುಡಿದು ನನ್ನ ಕೆಂಪು ಇಳಿದು ಮತ್ತೆ ಹಳದಿಗೆ ತಿರುಗಿದೆ. ಮಸಿ ಮಾತ್ರ ಅಳಿಸಿಲ್ಲ.

ಮೊನ್ನೆ ಅಂಗಳದ ಗೇಟಿಗೆ ಹೊಸ ಫಲಕ ಬಂತಂತೆ: ಇನ್ನು ಕಸವೆಲ್ಲ ಗುತ್ತಿಗೆದಾರರದು, ಹಳೆಯ ಚೀಟಿಗಳು ನಡೆಯುವುದಿಲ್ಲ. ಯಾವ ಚೀಟಿ ನಡೆಯುತ್ತದೆ ಎಂದು ಕೇಳಿದರೆ, ಅದರ ಕಾಗದ ಇನ್ನೂ ಬಂದಿಲ್ಲವಂತೆ. ಚಪ್ಪರದ ಕೆಳಗೆ ಕೂತಿದ್ದ ಹಲ್ಲಿಲ್ಲದ ಮಾಬುಬಿ ಎದ್ದು ಹೋಗಿ ನೀಲಿ ಟಬ್ಬು ಎಳೆದು ತಂದಳು. ಕಸ್ತೂರಿ ಸೋಡಾ ಕಲಸಿದ ಒದ್ದೆ ಕೈಯಲ್ಲೇ ಜರಡಿ ತೆಗೆಯಲು ಬಂದಳು. ಅವಳ ಬೆರಳು ನನ್ನ ಮೈಗೆ ತಾಕಿತು.

ತಾಕಿದಲ್ಲೆಲ್ಲ ನಾನು ಮತ್ತೆ ಕೆಂಪಾದೆ.