ತೊಳೆಯುವ ಮುಂಚೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ಮೇಲೆ ಬಟ್ಟೆ ಒಣಹಾಕುವ ಟೆರೇಸು. ಲಾಂಡ್ರಿಯವನಿಗೆ ಕಲೆಯ ವಿಷಯದಲ್ಲಿ ಬೀದಿಗೆಲ್ಲ ಹೆಸರು. ಯಾರದೋ ಶರ್ಟನ್ನು ಬೆಳಕಿಗೆ ಹಿಡಿದು, "ಈ ಆಸಾಮಿ ಎಡಗೈಲಿ ಬರೀತಾನೆ, ಮೇಲಧಿಕಾರಿಗೆ ಹೆದರಿ ಬೆವರ್ತಾನೆ" ಎಂದು ಹೇಳಿಬಿಡುತ್ತಿದ್ದ. ಎಣ್ಣೆಗೆ ಬಿಸಿನೀರು, ಇಂಕಿಗೆ ನಿಂಬೆರಸ, ರಕ್ತಕ್ಕೆ ತಣ್ಣೀರು. ನಿದ್ದೆಯಲ್ಲಿ ಕೇಳಿದರೂ ತಪ್ಪುತ್ತಿರಲಿಲ್ಲ. ಆದರೆ ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಅವನದೂ ಹಾಗೇ ಆಯಿತು.

ಒಂದು ಬೆಳಿಗ್ಗೆ ಅವನ ಹೆಂಡತಿ ಟೆರೇಸಿನಲ್ಲಿ ಬಟ್ಟೆ ಬುಟ್ಟಿಯ ಪಕ್ಕ ಕುಸಿದು ಬಿದ್ದಳು. ಆಸ್ಪತ್ರೆಗೆ ಎತ್ತಿಕೊಂಡು ಹೋದರೆ, ಮೈಯಲ್ಲಿ ಇರಬೇಕಾದ ರಕ್ತದ ಅರ್ಧವೂ ಇಲ್ಲ ಎಂದರು. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ದೊಡ್ಡದು ಹಸುಗೂಸಿನ ತಲೆಯಷ್ಟಿತ್ತು.

"ಕ್ಯಾನ್ಸರಿನ ಲಕ್ಷಣ ಇಲ್ಲ, ಹೆದರಬೇಡಿ" ಎಂದರು ಡಾಕ್ಟರಮ್ಮ. "ಮೊದಲೇ ಬಂದಿದ್ರೆ ಗಡ್ಡೆ ಅಷ್ಟೇ ತೆಗೆದು ಗರ್ಭಕೋಶ ಉಳಿಸಬಹುದಿತ್ತೇನೋ. ಈಗ ಅದು ಕಷ್ಟ. ಹೊಟ್ಟೆ ಕೊಯ್ದು ಪೂರ್ತಿ ತೆಗೀಬೇಕು."

ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಇನ್ನೂ ಆಗಬಹುದು ಎಂಬ ಆಸೆಯನ್ನು ಇಬ್ಬರೂ ಬಾಯಿಬಿಟ್ಟು ಹೇಳದೆ ಇಟ್ಟುಕೊಂಡಿದ್ದರು. ಅವಳು ಏನೂ ಕೇಳದೆ ಕಾಗದಕ್ಕೆ ಸಹಿ ಹಾಕಿದಳು. ಅವನೂ ಹಾಕಿದ.

ಆಪರೇಷನ್ ಆಗಿ ಆರನೇ ದಿನಕ್ಕೆ ಮನೆಗೆ ಬಂದಳು. ಬೀದಿಯ ತುದಿಯಲ್ಲಿದ್ದ ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಎಲ್ಲ ಹೇಳಿಹೋದರು.

"ಆರು ವಾರ ಎರಡು ಕೆಜಿಗಿಂತ ಭಾರ ಮುಟ್ಟೋ ಹಾಗಿಲ್ಲ. ಕೆಮ್ಮು ಬಂದ್ರೆ ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಳ್ಳಿ. ಹಾಗಂತ ಮಲಗೇ ಇರಬೇಡಿ, ದಿನಾ ಸ್ವಲ್ಪ ಓಡಾಡಿ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಅಳು ಬಂದ್ರೆ ಅತ್ತುಬಿಡಿ, ಅದೂ ಬರತ್ತೆ."

"ಅಳೋದು ಯಾಕಮ್ಮ?" ಎಂದಳು ಜೊತೆಗೇ ಇದ್ದ ಅತ್ತೆ, ಲಾಂಡ್ರಿಯವನ ತಾಯಿ. "ಪೀಡೆ ತೊಲಗಿತು ಅಂದ್ಕೊಂಡ್ರಾಯ್ತು. ಇದ್ದೂ ಏನ್ ಉಪಯೋಗ ಆಗಿತ್ತು?"

ಅತ್ತೆ ಕೆಟ್ಟವಳಲ್ಲ. ಸಮಾಧಾನ ಎಂದರೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಸೊಸೆ ಗೋಡೆಯ ಕಡೆ ತಿರುಗಿಕೊಂಡಳು.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಮೂರನೇ ವಾರ ಲಾಡ್ಜಿನಿಂದ ನಲವತ್ತು ಬೆಡ್‌ಶೀಟು ಬಂದವು, ಸಂಜೆಯೊಳಗೆ ಬೇಕಂತೆ. ಲಾಂಡ್ರಿಯವನು ಹೆಂಡತಿಯ ಹಾಸಿಗೆಯ ಬಳಿ ಬಂದು ನಿಂತ.

"ನೋಡು, ಶೀಟು ಒಂದಕ್ಕೆ ಮುಕ್ಕಾಲು ಕೆಜಿ. ಸಿಸ್ಟರ್ ಎರಡು ಕೆಜಿ ತನಕ ಬಿಟ್ಟಿದ್ದಾರೆ. ಟಬ್ಬು ನಾನು ಮೇಲೆ ತಂದಿಡ್ತೀನಿ. ನೀನು ಒಂದೊಂದೇ ಎತ್ತಿ ತಂತಿಗೆ ಹಾಕು, ಸಾಕು."

"ಆಯ್ತು ರೀ" ಎಂದಳು ಅವಳು. ಇಲ್ಲ ಎಂದು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಅವನು ಮೋಸ ಮಾಡಲಿಲ್ಲ. ಲಾಂಡ್ರಿಯಲ್ಲಿ ಬಟ್ಟೆ ತೂಗುವುದು ಗಿರಾಕಿ ತಂದಾಗ, ಒಣಗಿದ್ದಾಗ. ಒದ್ದೆ ಬಟ್ಟೆಯನ್ನು ಯಾರೂ ತೂಗುವುದಿಲ್ಲ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವನು ಒಮ್ಮೆಯೂ ತೂಗಿರಲಿಲ್ಲ.

ಮೂರು ದಿನ ಕಳೆದು ಸಿಸ್ಟರ್ ಬಂದಾಗ ಹೆಂಡತಿ ಹಿತ್ತಲ ನಲ್ಲಿಯ ಬಳಿ ಬಗ್ಗಿ ಏನೋ ತೊಳೆಯುತ್ತಿದ್ದಳು. ಅವರನ್ನು ಕಂಡೊಡನೆ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿನ ಹಿಂದೆ ಸರಿಸಿದಳು.

"ಏನದು?"

"ಏನಿಲ್ಲ ಸಿಸ್ಟರ್."

ಸಿಸ್ಟರ್ ಹಣೆ ಮುಟ್ಟಿದರು. ಕೆಂಡದಂತೆ ಸುಡುತ್ತಿತ್ತು. ಒಳಗೆ ಕರೆದುಕೊಂಡು ಹೋಗಿ ನೋಡಿದರೆ, ಗಾಯದ ಒಂದು ತುದಿ ಎರಡು ಬೆರಳಿನಷ್ಟು ಬಿಚ್ಚಿಕೊಂಡು ಕೀವು ಸೋರುತ್ತಿತ್ತು. ಆಟೋಗೆ ಫೋನು ಮಾಡಿ, ಅದು ಬರುವುದರೊಳಗೆ ಲಾಂಡ್ರಿಯವನನ್ನು ಕೇಳಿದರು.

"ಭಾರ ಎತ್ತಿದ್ರಾ ಇವರು?"

"ಇಲ್ಲ ಸಿಸ್ಟರ್, ಬರೀ ಲಾಡ್ಜಿನ ಶೀಟು, ನಲವತ್ತು. ಒಂದೊಂದೇ."

"ಒದ್ದೆ ಶೀಟಾ? ಒಂದು ತಂದು ತೂಗಿ ಅಣ್ಣಾ, ನಾನೂ ನೋಡ್ತೀನಿ."

ಅವನು ಟಬ್ಬಿನಿಂದ ಒಂದನ್ನು ಎತ್ತಿ ಕೊಕ್ಕೆಯ ತಕ್ಕಡಿಗೆ ನೇತುಹಾಕಿದ. ಮುಳ್ಳು ಎರಡೂವರೆ ದಾಟಿ ನಿಂತಿತು. ನೀರು ತೊಟತೊಟ ನೆಲಕ್ಕೆ ಬೀಳುತ್ತಿತ್ತು.

"ಇಂಥದ್ದನ್ನ ನಲವತ್ತು ಸಲ ಬಗ್ಗಿ ಎತ್ತಿದ್ದಾರೆ, ಅದೂ ಕೈ ಮೇಲೆ ಮಾಡಿ" ಎಂದರು ಸಿಸ್ಟರ್. "ಮೇಲಿನ ಚರ್ಮ ಕೂಡಿದ್ರೆ ಒಳಗೆಲ್ಲ ಕೂಡಿದೆ ಅಂತ ಅಲ್ಲ. ಒಳಗಿನ ಪದರ ಗಟ್ಟಿಯಾಗೋಕೆ ವಾರಗಟ್ಟಲೆ ಬೇಕು."

ಲಾಂಡ್ರಿಯವನು ಶೀಟನ್ನು ಇಳಿಸಿ, ಒಳಗೆ ಹೋಗಿ ಹೆಂಡತಿಯನ್ನು ಆಟೋಗೆ ಎತ್ತಿಕೊಂಡು ಬಂದ.

ಆಸ್ಪತ್ರೆಯಲ್ಲಿ ಗಾಯ ತೊಳೆದು, ಒಳಗಿನಿಂದ ಮಾಯಲಿ ಎಂದು ತೆರೆದೇ ಬಿಟ್ಟರು. ದಿನವೂ ಡ್ರೆಸ್ಸಿಂಗ್. ಪ್ರತಿ ಸಲ ಅವಳು ಹಲ್ಲು ಕಚ್ಚಿ ಅವನ ಮುಂಗೈ ಹಿಡಿಯುತ್ತಿದ್ದಳು.

ಎರಡನೇ ದಿನ ಅವಳಿಗೆ ಬಟ್ಟೆ ತರಲು ಮನೆಗೆ ಬಂದು ಟ್ರಂಕು ತೆರೆದ. ಸೀರೆಗಳ ಅಡಿಯಲ್ಲಿ ಒಂದು ಗಂಟು. ಬಿಚ್ಚಿದರೆ ಹಳೆಯ ಶೀಟುಗಳನ್ನು ಹರಿದು ಮಡಿಸಿಟ್ಟ ಬಟ್ಟೆಗಳು, ಅರವತ್ತಕ್ಕೂ ಮಿಕ್ಕಿ. ಅಭ್ಯಾಸಬಲದಿಂದ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಾಲಿನಂತೆ ಬೆಳ್ಳಗಿತ್ತು. ಇನ್ನೊಂದು ಹಿಡಿದ. ಅದೂ ಹಾಗೇ.

ಗಂಟನ್ನು ಕಂಕುಳಲ್ಲಿಟ್ಟುಕೊಂಡು ವಾರ್ಡಿಗೆ ಹೋದ. ಅತ್ತೆ ಸೊಸೆಗೆ ಗಂಜಿ ಕುಡಿಸುತ್ತಿದ್ದಳು.

"ಇಷ್ಟೊಂದು ಬಟ್ಟೆ ಯಾಕೆ?" ಎಂದು ಗಂಟು ಬಿಚ್ಚಿ ಹೆಂಡತಿಯನ್ನು ಕೇಳಿದ.

"ಮುಟ್ಟಾದಾಗ ಒಂದು ದಿನಕ್ಕೇ ಹತ್ತು ಹನ್ನೆರಡು ಬೇಕಾಗ್ತಿತ್ತು."

"ಎಷ್ಟು ದಿನದಿಂದ?"

"ಆರು ವರ್ಷ."

"ಒಂದರಲ್ಲೂ ಕಲೆ ಇಲ್ವಲ್ಲೇ."

ಅವಳು ನಗಲು ನೋಡಿದಳು. "ಲಾಂಡ್ರಿಯವರ ಹೆಂಡ್ತಿ ಅಲ್ವಾ? ರಕ್ತಕ್ಕೆ ತಣ್ಣೀರು. ಮದುವೆಯಾದ ಹೊಸದರಲ್ಲಿ ನೀವೇ ಹೇಳಿಕೊಟ್ಟಿದ್ದು."

ಅವನು ಮಂಚದ ಕಾಲ ಬಳಿ ನೆಲದಲ್ಲೇ ಕುಳಿತುಬಿಟ್ಟ. ಊರವರ ಬೆವರನ್ನೂ ಇಂಕನ್ನೂ ಓದಿದವನು, ಒಂದೇ ಸೂರಿನಡಿ ಆರು ವರ್ಷ ಹರಿದ ರಕ್ತವನ್ನು ನೋಡಿರಲಿಲ್ಲ. ಅದರ ಜೊತೆಗೇ ಹೋದ ಮಗುವಿನ ಆಸೆಯನ್ನೂ ನೋಡಿರಲಿಲ್ಲ.

ಅತ್ತೆ ಗಂಜಿಯ ಲೋಟ ಕೆಳಗಿಟ್ಟಳು. "ನಾನೇ ಕಣೋ ಅವಳಿಗೆ ಹೇಳಿದ್ದು, ಗಂಡಸರ ಕಣ್ಣಿಗೆ ಬೀಳಬಾರದು ಅಂತ. ನನ್ನ ಕಾಲದಲ್ಲಿ ನಾನೂ ಹಾಗೇ ತೊಳೆದೆ. ನನ್ನದು ತಾನಾಗೇ ನಿಂತಿತು. ಇವಳದೂ ನಿಲ್ಲತ್ತೆ ಅಂದ್ಕೊಂಡೆ."

"ನನಗೆ ಒಂದು ಮಗು ಬೇಕಿತ್ತು ಅತ್ತೆ" ಎಂದಳು ಸೊಸೆ. ಅಷ್ಟು ದಿನದಲ್ಲಿ ಮೊದಲ ಸಲ ಜೋರಾಗಿ ಅತ್ತಳು. ಅತ್ತೆ ಈ ಸಲ ಅಳಬೇಡ ಅನ್ನಲಿಲ್ಲ. ದಿಂಬನ್ನು ಸೊಸೆಯ ಹೊಟ್ಟೆಗೆ ಮೆತ್ತಗೆ ಒತ್ತಿ ಹಿಡಿದು, ಅಳು ಮುಗಿಯುವವರೆಗೂ ಹಾಗೇ ಕುಳಿತಳು.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಈಗ ಒದ್ದೆ ಬಟ್ಟೆಯನ್ನೆಲ್ಲ ಲಾಂಡ್ರಿಯವನೇ ಒಣಹಾಕುತ್ತಾನೆ, ಅವಳು ಮೆಟ್ಟಿಲ ಮೇಲೆ ಕುಳಿತು ಕ್ಲಿಪ್ಪು ಕೊಡುತ್ತಾಳೆ. ಹೊಟ್ಟೆಯ ನೋವು ಹೋಗಿದೆ. ಇನ್ನೊಂದು ನೋವು ಹೋಗಿಲ್ಲ, ಆದರೆ ಅದನ್ನು ಈಗ ಮೂವರೂ ಹಂಚಿಕೊಂಡಿದ್ದಾರೆ. ಆಸ್ಪತ್ರೆಯಿಂದ ಬಂದ ದಿನವೇ ಅವನು ಹೇಳಿದ್ದ: "ಇನ್ಮೇಲೆ ಈ ಮನೇಲಿ ಯಾವ ಕಲೆನೂ ನನಗೆ ತೋರಿಸದೆ ತೊಳೆಯೋ ಹಾಗಿಲ್ಲ."

ಇದನ್ನು ಕೇಳುತ್ತಿರುವ ಅಕ್ಕಾ, ತಂಗೀ, ಮುಟ್ಟು ವಾರ ದಾಟಿಯೂ ನಿಲ್ಲದಿದ್ದರೆ, ಗಂಟೆಗೊಂದು ಬಟ್ಟೆ ಬದಲಿಸುವಂತಾದರೆ, ಕೆಳಹೊಟ್ಟೆ ಗಟ್ಟಿಯಾಗಿ ಬೆಳೆಯುತ್ತಿದ್ದರೆ, ಹೆಣ್ಣಿನ ಹಣೆಬರಹ ಎಂದು ಸುಮ್ಮನಿರಬೇಡಿ. ಬೇಗ ಹೋದರೆ ಚಿಕಿತ್ಸೆಗೆ ದಾರಿ ಹೆಚ್ಚು. ಆಪರೇಷನ್ ಆದಮೇಲೆ ಜ್ವರ, ಕೀವು, ಕೆಟ್ಟ ವಾಸನೆ, ಜಾಸ್ತಿ ರಕ್ತ, ಕಾಲಿನ ಊತ, ಉಸಿರಿಗೆ ಕಷ್ಟ, ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಅಣ್ಣಂದಿರೇ, ಅತ್ತೆಯಂದಿರೇ, ಹೊಲಿಗೆ ಬಿಚ್ಚಿದರು ಎಂದು ಕೊಡ ಕೈಗೆ ಕೊಡಬೇಡಿ. ವೈದ್ಯರು ಸರಿ ಅನ್ನುವ ತನಕ ಮನೆಯ ಭಾರ ನೀವು ಹೊರಿ. ಅವಳು ಹೇಳಲಿ ಎಂದು ಕಾಯದೆ ನೀವೇ ಕೇಳಿ.

ಮತ್ತೆ ನೀವು, ನಲ್ಲಿಯ ಬಳಿ ಒಬ್ಬರೇ ಬಗ್ಗಿ ನಿಂತಿರುವವರು, ಒಂದು ಕ್ಷಣ ನೀರು ನಿಲ್ಲಿಸಿ. ತೊಳೆಯುವ ಮುಂಚೆ ಯಾರಿಗಾದರೂ ತೋರಿಸಿ.