ಐದು ವರ್ಷ ಏನೂ ಮಾಡದವನ ಅರ್ಜಿ

ನಮ್ಮ ಬೀದಿಯ, ಲೋಹ ಕಡೆಯುವ ಲೇಥ್ ಯಂತ್ರದ ಮೆಕ್ಯಾನಿಕ್ ಕೆಲಸ ಬಿಟ್ಟು ಐದು ವರ್ಷವಾಗಿತ್ತು. ತಾಯಿಗೆ ಪಾರ್ಶ್ವವಾಯು ಬಡಿದಾಗಿನಿಂದ ಅವರ ಆರೈಕೆಯೆಲ್ಲ ಇವನದೇ. ತರಬೇತಿ ಕೇಂದ್ರದಲ್ಲಿ ಕಂಪ್ಯೂಟರಿನಿಂದ ನಡೆಸುವ ಲೇಥ್ ಕಲಿಸುತ್ತಾರೆಂದು ಹೇಳಿ ಅರ್ಜಿ ತಂದುಕೊಟ್ಟವಳು ನಾನೇ, ಈ ಬೀದಿಯ ಆರೋಗ್ಯ ಕಾರ್ಯಕರ್ತೆ. ಅರ್ಜಿ ಕೊಡಲು ಕೊನೆಯ ದಿನ ಅವನ ಅಮ್ಮನ ಬಿಪಿ ನೋಡಲು ಹೋದರೆ, ಅರ್ಜಿ ಇನ್ನೂ ಮೇಜಿನ ಮೇಲೇ ಇದೆ! ‘ಕಳೆದ ಐದು ವರ್ಷದ ಅನುಭವ’ ಎಂಬಲ್ಲಿ ‘ಏನೂ ಇಲ್ಲ’ ಎಂದು ಬರೆದಿದ್ದಾನೆ. ನನಗೆ ಮೈಯೆಲ್ಲ ಉರಿಯಿತು.

“ಏನಪ್ಪಾ ಇದು? ಐದು ವರ್ಷ ನಿದ್ದೆ ಮಾಡ್ತಿದ್ಯಾ?”

“ಮನೇಲೇ ಇದ್ನಲ್ಲಕ್ಕಾ. ಅದನ್ನೆಲ್ಲ ಯಾರಾದ್ರೂ ಬರೀತಾರಾ?”

“ಎರಡೆರಡು ಗಂಟೆಗೆ ಅಮ್ಮನ ಮಗ್ಗುಲು ಬದಲಿಸಿ, ಬೆನ್ನಲ್ಲಿ ಒಂದು ಹುಣ್ಣೂ ಆಗದ ಹಾಗೆ ನೋಡ್ಕೊಂಡಿದ್ದು ಯಾರು? ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟಿದ್ದು? ಗಾಲಿಕುರ್ಚಿ ಚಕ್ರ ಬಿಚ್ಚಿ ರಿಪೇರಿ ಮಾಡಿದ್ದು ನಿಮ್ಮಜ್ಜನಾ? ಬರಿ!”

ಅವನು ನಗುತ್ತಲೇ ಬರೆದ. ಜಾಗ ಸಾಲದೆ ಹಾಳೆಯ ಹಿಂದಕ್ಕೂ ಹೋದ.

ಬಟ್ಟೆ ಅಂಗಡಿಗೆ ಹೊರಟಿದ್ದ ಅವನ ಅಕ್ಕ ಬಾಗಿಲಲ್ಲೇ ನಿಂತಳು. “ಬರೆಯೋದೇನೋ ಸುಲಭ. ಇವನು ಹೋದ್ರೆ ಅಮ್ಮನ್ನ ನೋಡ್ಕೊಳ್ಳೋರ್ಯಾರು?”

“ಮನೇಲಿ ಆರೈಕೆ ಮಾಡೋರಿಗೆ ಅಂತಾನೇ ಅರ್ಧ ದಿನದ ತರಗತಿ ಇದೆ ಕಣೇ. ಅಷ್ಟು ಹೊತ್ತು ಅಮ್ಮ ಹಗಲು ಆರೈಕೆ ಕೇಂದ್ರದಲ್ಲಿರ್ತಾರೆ. ವ್ಯಾನು ಬಾಗಿಲಿಗೇ ಬರುತ್ತೆ. ಅಮ್ಮನ್ನ ಎತ್ತಿ ಕೂರಿಸೋದು ನೀನೂ ಕಲಿ, ನಾನು ಹೇಳ್ಕೊಡ್ತೀನಿ.”

“ಬೇರೆಯವರ ಕೈಗೆ ಕೊಟ್ರೆ ಅಮ್ಮ ನೊಂದ್ಕೊಳ್ಳಲ್ವಾ?” ಎಂದ ಅವನ ಕಣ್ಣು ತುಂಬಿತ್ತು.

ಮಂಚದಿಂದ ತಾಯಿ ತಡೆದು ತಡೆದು ಹೇಳಿದರು: “ಐದು ವರ್ಷದಿಂದ ನಿಮ್ಮಿಬ್ಬರ ಮುಖ ನೋಡಿ ನೋಡಿ ಸಾಕಾಗಿದೆ ಕಣ್ರೋ. ಅಲ್ಲಿ ಮಾತಿಗೆ ನಾಲ್ಕು ಜನ ಸಿಗ್ತಾರೆ. ನನ್ನ ಯಾರಾದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ಇಷ್ಟೆಲ್ಲ ಬಾಯಿ ಮಾಡಿದ ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಅವನ ಅಕ್ಕ ಚೀಲ ಕೆಳಗಿಟ್ಟಳು. “ಇವತ್ತು ಅಂಗಡಿಗೆ ನಾನು ತಡವಾಗಿ ಹೋಗ್ತೀನಿ. ನೀನು ಮೊದಲು ಅರ್ಜಿ ಕೊಡೋಕೆ ಓಡು!”

ಅವನಿಗೆ ಸೀಟು ಸಿಕ್ಕಿತು. ಆರೈಕೆ ಮಾಡಿದವನಿಗೆ ತಾಳ್ಮೆ ಹೇಳಿಕೊಡಬೇಕಿಲ್ಲ ಎಂದು ಅಲ್ಲಿನ ಮೇಷ್ಟ್ರೇ ಹೇಳುತ್ತಾರಂತೆ.

ನಿಮ್ಮ ಮನೆಯಲ್ಲೂ ಹೀಗೆ ಕೆಲಸ ಬಿಟ್ಟು ಆರೈಕೆಗೆ ನಿಂತವರಿದ್ದಾರೆಯೇ? ಅವರು ಸುಮ್ಮನೆ ಕೂತವರಲ್ಲ. ಅರ್ಧ ದಿನದ ತರಬೇತಿ, ಹಗಲು ಆರೈಕೆ ನಿಮ್ಮ ಹತ್ತಿರ ಎಲ್ಲಿದೆ ಎಂದು ಆರೋಗ್ಯ ಕಾರ್ಯಕರ್ತೆಯನ್ನು ವಿಚಾರಿಸಿ. ಅದಕ್ಕೂ ಮುಂಚೆ, “ನಿನಗೇನು ಮಾಡಬೇಕು ಅಂತ ಆಸೆ?” ಎಂದು ಆರೈಕೆ ಮಾಡುವವರನ್ನೇ ಕೇಳಿ. ಇವತ್ತೇ ಕೇಳಿ. ಅವರನ್ನು ಈ ಮಾತು ಕೇಳಿದವರು ಇದುವರೆಗೆ ಯಾರೂ ಇರಲಿಕ್ಕಿಲ್ಲ.